ಅಗಸಿ ಎಣ್ಣಿ, ಅಜ್ಜಿಯ ಕಣ್ಣು

ನಮ್ಮೂರ ಮನೆ ಪಡಸಾಲಿಯಲ್ಲಿ ಎರಡು ಫೋಟೋ ಅದಾವೆ, ಒಂದು ಅಜ್ಜಂದು, ಒಂದು ಅಜ್ಜಿದು. ಅಜ್ಜಂದು ಗದಗಿನಲ್ಲಿ ಸ್ಟುಡಿಯೋಕ್ಕೆ ಹೋಗಿ ತೆಗೆಸಿದ್ದು. ತಲೆಗೆ ಪಟಗ, ಮೈಮೇಲೆ ಯಾರದೋ ಕೋಟು, ಹಿಂದೆ ಪರದೆ ಮೇಲೆ ಬರೆದ ಕಂಬ, ಮೆಟ್ಟಿಲು. ಅಜ್ಜಿದು ಹಾಗಲ್ಲ. ಗ್ವಾಡಿಗೆ ಒರಗಿಸಿ ಕೂಡಿಸಿದ್ದಾರೆ, ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವಿನ ಮಾಲೆ, ತಲೆ ಮೇಲೆ ಇಳಕಲ್ ಸೀರೆ ಸೆರಗು, ಕಣ್ಣು ಮುಚ್ಚಿವೆ. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಎಷ್ಟೋ ಮನೆಗಳಲ್ಲಿ ಹಳೇ ಹೆಣ್ಮಕ್ಕಳದು ಇರೋದು ಇದೊಂದೇ ಫೋಟೋ. ಬದುಕಿದ್ದಾಗ ಯಾರೂ ತೆಗೆಸಲಿಲ್ಲ, ಹೋದ ಮೇಲೆ ಊರಿಂದ ಫೋಟೋದವನನ್ನ ಕರೆಸಿ, ಮಣ್ಣಿಗೆ ಇಡೋಕೆ ಮುಂಚೆ ಒಂದು ತೆಗೆಸಿ ಇಟ್ಟುಕೊಂಡರು. 1958ರಲ್ಲಿ ತೆಗೆದಿದ್ದು, ಅಪ್ಪನಿಗೆ ಆಗ ಮೂರು ವರ್ಷ.

ಚಿಕ್ಕಂದಿನಿಂದ ಆ ಫೋಟೋ ಕೆಳಗೇ ಊಟ ಮಾಡಿದೀನಿ, ಅಭ್ಯಾಸ ಮಾಡಿದೀನಿ, ಅಮಾಸಿಗೊಮ್ಮೆ ಒರೆಸಿ ಹೂ ಏರಿಸಿದೀನಿ, ಏನೂ ಅನಿಸಿರಲಿಲ್ಲ. ಹೋದ ವರ್ಷ ದೀಪಾವಳಿಗೆ ತಂಗಿಯ ಮಗಳು ಬಂದಿದ್ದಳು, ನಾಲ್ಕು ವರ್ಷದ್ದು, ಅದು ಫೋಟೋ ಕಡೆ ನೋಡಿ "ಈ ಅಜ್ಜಿ ಯಾವಾಗ ಏಳ್ತಾಳ?" ಅಂತು. ಅಪ್ಪ ಅಲ್ಲೇ ಕೂತಿದ್ದ. ಏನೂ ಅನ್ನಲಿಲ್ಲ, ಎದ್ದು ಹಿತ್ತಲಕ್ಕೆ ಹೋದ. ಎಪ್ಪತ್ತರ ಆ ಮನುಷ್ಯ ತನ್ನ ತಾಯಿಯ ತೆರೆದ ಕಣ್ಣು ಹೆಂಗಿದ್ದವು ಅಂತ ಗೊತ್ತಿಲ್ಲದೇ ಬದುಕಿದ್ದಾನೆ ಅನ್ನೋದು ನನಗೆ ಹೊಳೆದದ್ದು ಆವತ್ತೇ, ಅದೂ ಅಷ್ಟು ಸಣ್ಣ ಮಗುವಿನ ಬಾಯಿಂದ. ನಾನು ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡೋಳು, ಕೇಳಿದವರಿಗೆ ಅವರ ಅಪ್ಪ ಅಮ್ಮಂದಿರ ಭಾವಚಿತ್ರ ಬರೆದುಕೊಟ್ಟಿದೀನಿ, ಮಠದವರಿಗೆ ಸ್ವಾಮಿಗಳದು ಬರೆದುಕೊಟ್ಟಿದೀನಿ. ನಮ್ಮ ಮನೆಯವರದು ಒಂದೂ ಬರೆದಿರಲಿಲ್ಲ. ಏಪ್ರಿಲ್‌ನಲ್ಲಿ ಸೂಟಿ ಬಿಟ್ಟ ಕೂಡಲೇ ಈಸಲ್, ನಾಲ್ಕು ಕ್ಯಾನ್ವಾಸು, ಟ್ಯೂಬುಗಳ ಡಬ್ಬಿ ಕಟ್ಟಿಕೊಂಡು ಊರಿಗೆ ಹೋದೆ. ಅಜ್ಜ, ಅಜ್ಜಿ, ಅಪ್ಪ, ಅತ್ತಿ. ನಾಲ್ಕೇ.

ಹಿಂಡಿ ವಾಸನೆ

ಅತ್ತಿ ಅಂದರೆ ಅಪ್ಪನ ಅಕ್ಕ. ಅಜ್ಜಿ ಹೋದಾಗ ಅವಳಿಗೆ ಹನ್ನೆರಡೋ ಹದಿಮೂರೋ. ತಮ್ಮನ್ನ ಎತ್ತಿ ಆಡಿಸಿ ಬೆಳೆಸಿದ್ದು ಅವಳೇ, ಹೀಗಾಗಿ ಅಪ್ಪನಿಗೆ ಅಕ್ಕನೂ ಅವಳೇ, ಅವ್ವನೂ ಅವಳೇ. ಗಂಡ ತೀರಿಕೊಂಡ ಮೇಲೆ ವರ್ಷದಲ್ಲಿ ಆರು ತಿಂಗಳು ನಮ್ಮ ಮನೆಯಲ್ಲೇ ಇರ್ತಾಳೆ. ಮೊದಲ ದಿನ ನಾನು ಪಡಸಾಲಿಯಲ್ಲಿ ಡಬ್ಬಿ ಬಿಚ್ಚಿ ಲಿನ್ಸೀಡ್ ಆಯಿಲ್ ಬಾಟ್ಲಿಯ ಮುಚ್ಚಳ ತೆಗೆದೆ, ಅಷ್ಟೇ, ಅಡಿಗೆಮನೆಯಿಂದ ಅವಳ ದನಿ ಬಂತು. "ಯಾರ್ ಬೇ ಅಗಸಿ ಹುರಿಯಾಕತ್ತಾರ?" ಹೊರಗೆ ಬಂದು ಬಾಟ್ಲಿ ಕೈಗೆ ತಗೊಂಡು ಮೂಗಿನ ಹತ್ತಿರ ಹಿಡಿದಳು. "ಇದು ಅಗಸಿ ಎಣ್ಣಿ ಅಲ್ಲನ? ಇದನ್ನ ಚಿತ್ರಕ್ಕ ಹಾಕ್ತಾರ?" ಹೌದು ಅಂದೆ. "ಎಷ್ಟು ಕೊಟ್ಟಿ?" ಅಂದಳು. ಹೇಳಿದೆ. ಬಾಟ್ಲಿ ತಿರುಗಿಸಿ ಮುರುಗಿಸಿ ನೋಡಿ, ಅಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು ತಿಕ್ಕಿ, "ನಮ್ಮಪ್ಪ ಇದನ್ನ ತಲಬಾಗಲಾ ತಿಕ್ಕಾಕ ಹಾಕ್ತಿದ್ದ" ಅಂದಳು.

ನಿಜ ಹೇಳಬೇಕಂದರೆ ನನಗೆ ಆ ವಾಸನೆ ಗೊತ್ತಿತ್ತು, ಆದರೆ ಗುರುತು ಹಿಡಿದಿರಲಿಲ್ಲ. ಹದಿನೈದು ವರ್ಷದಿಂದ ಲಿನ್ಸೀಡ್ ಅಂತ ಅಂದುಕೊಂಡು ಬಂದಿದ್ದ ವಾಸನೆ, ಅತ್ತಿ ಕೈಯಲ್ಲಿನ ಅಗಸಿ ಹಿಂಡಿ ವಾಸನೆ ಒಂದೇ ಅಂತ ಯಾವತ್ತೂ ಜೋಡಿಸಿ ನೋಡಿರಲಿಲ್ಲ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಹುರಿದ ಅಗಸಿ ಕುಟ್ಟಿದಾಗ ಮನೆ ತುಂಬ ಹರಡ್ತದಲ್ಲ, ಬೀಜ ಒಡೆದು ಎಣ್ಣೆ ಬಿಡೋ ಹೊತ್ತಿನ ವಾಸನೆ, ಅದು. ಇನ್ನೊಂದು ಟ್ಯೂಬ್ ತೆಗೆದು ಹಿಂದಿನ ಸಣ್ಣ ಅಕ್ಷರ ಓದಿದೆ, ಬಿಳಿ ಬಣ್ಣದ್ದು, ಅದರಲ್ಲಿ ಸ್ಯಾಫ್‌ಫ್ಲವರ್ ಆಯಿಲ್ ಅಂತ ಇತ್ತು. ಅಂದರೆ ಕುಸುಬಿ ಎಣ್ಣೆ. ಅಗಸಿ ಎಣ್ಣೆ ಹಳದಿಗೆ ತಿರುಗ್ತದೆ ಅಂತ ಬಿಳಿ ಬಣ್ಣ, ತಿಳಿ ಬಣ್ಣಗಳನ್ನ ಎಷ್ಟೋ ಕಂಪನಿಯವರು ಕುಸುಬಿ ಎಣ್ಣೆಯಲ್ಲೇ ಅರೀತಾರೆ, ಅದು ಹಳದಿ ಆಗೋದು ಕಡಿಮೆ, ಒಣಗೋದು ನಿಧಾನ. ಅಗಸಿ, ಕುಸುಬಿ, ಎರಡೂ ನಮ್ಮ ಎರೆಹೊಲದಲ್ಲಿ ಹಿಂಗಾರಿಗೆ ಬೆಳೆಯೋವೇ. ಕಡ್ಲಿ ಹೊಲದ ಅಂಚಿಗೆ ದನ ಬರಬಾರದಂತ ಕುಸುಬಿ ಮುಳ್ಳಿನ ಸಾಲು ಹಾಕ್ತಾರಲ್ಲ, ಆ ಕುಸುಬಿ. ಕಾಲೇಜಿನಲ್ಲಿ ನಮಗೆ ತೈಲಚಿತ್ರ ಅಂದರೆ ಯುರೋಪಿನ ವಿದ್ಯೆ ಅಂತ ಕಲಿಸಿದ್ದರು, ಫ್ಲಾಂಡರ್ಸಿನ ಚಿತ್ರಕಾರ ವಾನ್ ಐಕ್ ಅದನ್ನ ಕಂಡುಹಿಡಿದ ಅನ್ನೋ ಹಳೇ ಕತೆ ಬೇರೆ. ಕಂಡುಹಿಡಿದದ್ದು ಅವನಲ್ಲ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿ 7ನೇ ಶತಮಾನದ ಬೌದ್ಧ ಚಿತ್ರಗಳಲ್ಲಿ ಎಣ್ಣೆಬಣ್ಣ ಇದೆ ಅಂತ 2008ರಲ್ಲಿ ಪತ್ತೆಯಾಯಿತು, ಅಖರೋಟು, ಗಸಗಸೆ ಎಣ್ಣೆ ಇರಬೇಕು ಅಂದರು. ಯಾವ ನೆಲದಲ್ಲಿ ಯಾವ ಬೀಜ ಬೆಳೀತದೋ ಅದರ ಎಣ್ಣೆ. ಇದು ತಿಳಿದಾಗ ಆದಷ್ಟು ಸಂತೋಷ ನನಗೆ ಈ ಬೇಸಿಗೆಯಲ್ಲಿ ಬೇರೆ ಯಾವುದಕ್ಕೂ ಆಗಿಲ್ಲ, ಯಾಕಂದರೆ ನಮ್ಮದು ಗಾಣದ ಮನೆ.

ಗಾಣ ಈಗಿಲ್ಲ. ಕಲ್ಲಿನ ಒರಳು ಮಾತ್ರ ಹಿತ್ತಲದಲ್ಲಿ ಬೇವಿನ ಗಿಡದ ಬುಡಕ್ಕೆ ಅರ್ಧ ಹೂತುಕೊಂಡು ನಿಂತಿದೆ, ಮಳೆಗಾಲದಲ್ಲಿ ಅದರಲ್ಲಿ ನೀರು ನಿಲ್ತದೆ, ಗುಬ್ಬಿ ಬರ್ತಾವೆ. ಅಜ್ಜನ ಕಾಲಕ್ಕೆ ಎತ್ತಿಗೆ ಕಣ್ಣು ಕಟ್ಟಿ ಬೆಳಗಿನ ಜಾವದಿಂದ ತಿರುಗಿಸ್ತಿದ್ದರಂತೆ, ಕುಸುಬಿ, ಎಳ್ಳು, ಶೇಂಗಾ, ಅಗಸಿ, ಊರವರು ತಂದುಕೊಟ್ಟಿದ್ದನ್ನ ಅರೆದು ಎಣ್ಣೆ ಅವರಿಗೆ, ಹಿಂಡಿ ನಮ್ಮ ದನಕ್ಕೆ. ಪಟ್ಟಣದಲ್ಲಿ ಮಿಲ್ಲು ಬಂದವು, ಡಾಲ್ಡಾ ಬಂತು, ಆಮೇಲೆ ಪಾಕೀಟಿನ ಎಣ್ಣೆ ಬಂತು, ಗಾಣ ನಿಂತಿತು, ಅಪ್ಪ ಮಾಸ್ತರ ಆದ. ನಮ್ಮ ಹೆಸರಿನ ಮುಂದೆ ಮಾತ್ರ ಗಾಣ ಉಳಕೊಂಡಿದೆ. ಹಳೇ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಇಂತಿಷ್ಟು ಎಣ್ಣೆ ಅಂತ ಗಾಣಗಳಿಂದ ಬಿಟ್ಟುಕೊಟ್ಟಿದ್ದು ಬರ್ತದೆ, ಹನ್ನೆರಡನೇ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪ ಇದ್ದಾನೆ, ಅಷ್ಟು ಹಳೇ ಕಸುಬು. ಈಗ ಬೆಂಗಳೂರಿನಲ್ಲಿ 'ಮರದ ಗಾಣದ ಎಣ್ಣೆ' ಅಂತ ಬೋರ್ಡ್ ಹಾಕಿ ಮಾರ್ತಾರೆ, ಒಳ್ಳೇದೇ ಆಯ್ತು, ಆದರೆ ಆ ಬೋರ್ಡ್ ನೋಡಿದಾಗೆಲ್ಲ ನನಗೆ ಹಿತ್ತಲದ ಒರಳು ನೆನಪಾಗಿ ಹೊಟ್ಟೆಯಲ್ಲಿ ಹಿಂಡಿದಂಗಾಗ್ತದೆ.

ಅತ್ತಿಗೆ ಹುರುಪು ಬಂತು. ಯಾರಿಗೋ ಹೇಳಿ ಗಾಣದಲ್ಲಿ ತೆಗೆದ ಅಗಸಿ ಎಣ್ಣೆ ಒಂದು ಲೀಟರು, ಕುಸುಬಿ ಎಣ್ಣೆ ಅರ್ಧ ಲೀಟರು ತರಿಸಿದಳು. ಹಸಿ ಎಣ್ಣೆ ಹಾಗೇ ಬಣ್ಣಕ್ಕೆ ಬರೋದಿಲ್ಲ, ಅದರಲ್ಲಿ ಲೋಳೆ ಇರ್ತದೆ. ದೊಡ್ಡ ಗಾಜಿನ ಭರಣಿಯಲ್ಲಿ ಎಣ್ಣೆ, ಅಷ್ಟೇ ನೀರು, ಒಂದು ಹಿಡಿ ಉಪ್ಪು ಹಾಕಿ ಜೋರಾಗಿ ಅಲುಗಾಡಿಸಿ ಇಟ್ಟರೆ ಒಂದೆರಡು ದಿನಕ್ಕೆ ಮೂರು ಪದರು ಆಗ್ತದೆ, ಕೆಳಗೆ ನೀರು, ನಡುವೆ ಬಿಳೀ ಲೋಳೆ, ಮೇಲೆ ತಿಳಿ ಎಣ್ಣೆ. ಮೇಲಿಂದು ತೆಗೆದು ಮತ್ತೆ ತೊಳೆಯೋದು, ಮತ್ತೆ ತೊಳೆಯೋದು, ಆಮೇಲೆ ಬಿಸಿಲಿಗೆ. ನಮ್ಮೂರ ಬಿಸಿಲಿಗೇನು ಕಡಿಮೆ. ಮಾಳಿಗೆ ಮೇಲೆ ಸಂಡಿಗೆ ಒಣ ಹಾಕಿದ ಪಕ್ಕದಲ್ಲೇ ಭರಣಿ ಇಟ್ಟಿದ್ವಿ, ಬಾಯಿಗೆ ತೆಳು ಅರಿವೆ ಕಟ್ಟಿ. ಅತ್ತಿ ದಿನಾ ಸಂಡಿಗೆ ತಿರುವೋಕೆ ಹೋದಾಗ ಅದನ್ನೂ ತಿರುವಿ ಬರ್ತಿದ್ದಳು. ಜೋನಿ ಬೆಲ್ಲದ ಬಣ್ಣದ್ದು ಮೂರು ವಾರಕ್ಕೆ ಹದವಾದ ಬಂಗಾರದ ಬಣ್ಣಕ್ಕೆ ಬಂತು, ಒಂಚೂರು ಗಟ್ಟಿನೂ ಆಯ್ತು. ಆ ಎಣ್ಣೆಯನ್ನ ನಾನು ಎಲ್ಲಾ ಕಡೆ ಬಳಸಲಿಲ್ಲ, ಟ್ಯೂಬಿನ ಬಣ್ಣದಲ್ಲಿ ಎಣ್ಣೆ ಮೊದಲೇ ಇರ್ತದಲ್ಲ. ಕಡೇ ಪದರಿಗೆ ಅಲ್ಲಲ್ಲಿ ಅಷ್ಟೇ. ಕೆಳಗಿನ ಪದರಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂಗೆ ಜಾಸ್ತಿ ಇರಬೇಕು, ಇಲ್ಲಂದರೆ ಮೇಲಿನದು ಮೊದಲು ಒಣಗಿ ಬಿರುಕು ಬಿಡ್ತದೆ.

ಮುಖ ನೆಟ್ಟಗೆ ಇಡು ಅತ್ತಿ

ಅಜ್ಜನ ಚಿತ್ರ ಬೇಗ ಆಯ್ತು, ಫೋಟೋ ಚೊಲೋ ಇತ್ತು. ಕೋಟು ತೆಗೆದುಬಿಟ್ಟೆ, ಅದು ಅವನದಲ್ಲ, ಬಿಳೀ ಅಂಗಿ ಹಾಕಿದೆ. ಅಪ್ಪ ದಿನಕ್ಕೆ ಅರ್ಧ ತಾಸಿನಂತೆ ನಾಲ್ಕು ದಿನ ಪೇಪರ್ ಓದ್ಕೊಂಡು ಕೂತ, ಅವನದು ಕಣ್ಣು ಕೆಳಗೆ ಹಾಕಿದ ಚಿತ್ರವೇ ಆಯ್ತು, ಅದೇ ಅವನಿಗೆ ಹೊಂದ್ತದೆ. ಹೇಳಬೇಕಾದ್ದು ಅತ್ತಿ ಬಗ್ಗೆ.

ಅತ್ತಿ ಕೂತಿದ್ದು ಹನ್ನೊಂದು ದಿನ. ಬೆಳಿಗ್ಗೆ ಎಂಟಕ್ಕೆ ತಲಬಾಗಿಲಿನ ಬೆಳಕು ಪಡಸಾಲಿಯೊಳಗೆ ಮೊಳದಷ್ಟು ಬರ್ತದೆ, ಹತ್ತಕ್ಕೆ ಹೋಗಿಬಿಡ್ತದೆ, ಆ ಎರಡು ತಾಸು. ಹಸಿರು ಇಳಕಲ್ ಸೀರೆ, ಅವಳ ಮದುವೆಯದಂತೆ, ಕೆಂಪು ಸೆರಗಿನಲ್ಲಿ ಬಿಳೀ ತೆನಿ, ಮಡಿಕೆ ಬಿದ್ದಲ್ಲೆಲ್ಲ ಎಳೆ ಬಿಟ್ಟಿತ್ತು. ಗುಳೇದಗುಡ್ಡದ ಖಣದ ಕುಪ್ಪಸ. ಮುಖಕ್ಕೆ ನಾನು ಬಳಸಿದ್ದು ನಾಲ್ಕೇ ಬಣ್ಣ, ಯೆಲ್ಲೋ ಓಕರ್ ಅನ್ನೋ ಮಣ್ಣಿನ ಹಳದಿ, ಒಂದು ಕೆಂಪು, ಐವರಿ ಬ್ಲಾಕ್, ಬಿಳಿ. ನಮ್ಮ ಮೈಬಣ್ಣಕ್ಕೆ ಇವಿಷ್ಟೇ ಸಾಕು, ಬಿಳಿ ಕಡಿಮೆ ಮಾಡಿ ಕೆಂಪಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕಂದುಗೆಂಪು ಸೇರಿಸಿದರೆ ಎರೆಮಣ್ಣಿನಲ್ಲಿ ದುಡಿದ ಮುಖದ ಕಾವು ಬರ್ತದೆ. ಕಷ್ಟ ಆಗಿದ್ದು ಮೂಗುಬೊಟ್ಟಿನ ಹತ್ತಿರ, ಅರವತ್ತು ವರ್ಷ ಅದರ ಭಾರಕ್ಕೆ ಮೂಗಿನ ತೂತು ಕೆಳಗೆ ಜಗ್ಗಿದೆ, ಅಲ್ಲೊಂದು ಸಣ್ಣ ನೆರಳು. ಹತ್ತಿರ ಹೋಗಿ ನೋಡಿದರೆ ಆ ನೆರಳೊಳಗೆ ಬೆಳಕು ತೂರಿ ಚರ್ಮ ನಸುಗೆಂಪಾಗಿ ಕಾಣ್ತದೆ, ದೀಪದ ಮುಂದೆ ಅಂಗೈ ಹಿಡಿದಂಗೆ.

ಅವಳು ಸುಮ್ಮನೆ ಕೂರೋಳಲ್ಲ, ಮಡಿಲಲ್ಲಿ ಮೊರ ಇಟ್ಟುಕೊಂಡು ಕೈಗೆ ಒಂದು ಕೆಲಸ ಬೇಕು, ಅವತ್ತಿಗೆ ಬೇಳೆ, ಇವತ್ತಿಗೆ ಅಗಸಿ, ಕಲ್ಲು ಆರಿಸ್ತಾ ಕೂರ್ತಿದ್ದಳು, ಅದಕ್ಕೆ ನಾನು ತಕರಾರು ಮಾಡಲಿಲ್ಲ. ತಕರಾರು ಮುಖದ್ದು. ನೆಟ್ಟಗೆ ಇಡು ಅಂತ ಕೂರಿಸಿದರೆ ಐದು ನಿಮಿಷಕ್ಕೆ ಮುಖ ಎಡಕ್ಕೆ ವಾಲ್ತಿತ್ತು. ಸ್ವಲ್ಪವೇ, ಎರಡು ಬೆರಳಷ್ಟು. ನಾನು "ಅತ್ತಿ, ಮುಖ ನೆಟ್ಟಗ ಇಡು ಬೇ" ಅಂತಿದ್ದೆ, ಅವಳು ಇಡ್ತಿದ್ದಳು, ನಾನು ಪ್ಯಾಲೆಟ್ ಕಡೆ ತಿರುಗಿ ಬಣ್ಣ ಕಲಸಿ ತಲೆ ಎತ್ತೋದರೊಳಗೆ ಮತ್ತೆ ಎಡಕ್ಕೆ. ಯಾರಾದರೂ ಮಾತಾಡಿಸಿದರಂತೂ ಇನ್ನೂ ಜಾಸ್ತಿ. ಕುತ್ತಿಗೆ ನೋವಿರಬೇಕು ಅಂದುಕೊಂಡು ಹಿಂದೆ ದಿಂಬು ಕೊಟ್ಟೆ, ಆದರೂ ಅಷ್ಟೇ. ಕಡೆಗೆ ನೆಟ್ಟಗಿನ ಮುಖವನ್ನೇ ಬರೆದು ಮುಗಿಸಿದೆ. ಎಲ್ಲರೂ ಅತ್ತಿನೇ ಅಂದರು. ನನಗೆ ಮಾತ್ರ ಏನೋ ತಪ್ಪಿದಂಗೆ ಅನಿಸ್ತಾನೇ ಇತ್ತು.

ಯಾರ ಕಣ್ಣು ಹಾಕಲಿ

ಅಜ್ಜಿಯ ಚಿತ್ರ ಕಡೆಗೆ ಇಟ್ಟುಕೊಂಡಿದ್ದೆ. ಫೋಟೋವನ್ನ ಗೋಡೆಯಿಂದ ಇಳಿಸಿ, ಕಟ್ಟು ಬಿಚ್ಚಿ, ಮೊಬೈಲಿನಲ್ಲಿ ತೆಗೆದು ದೊಡ್ಡದು ಮಾಡಿ ನೋಡಿದರೆ ಮುಖ ಅನ್ನೋದು ವಿಭೂತಿ ಮತ್ತು ನೆರಳು, ಅಷ್ಟೇ. ಗದ್ದ ಸಿಕ್ಕಿತು, ತುಟಿ ಸಿಕ್ಕಿತು, ಹಣೆಯ ಅಗಲ ಸಿಕ್ಕಿತು. ಸತ್ತವರ ಮುಖದಲ್ಲಿ ಕೆನ್ನೆ ಹಿಂದಕ್ಕೆ ಜಾರಿರ್ತದೆ, ಅದನ್ನ ಮುಂದಕ್ಕೆ ತರಬೇಕು. ಕಣ್ಣಿನದು ಏನೂ ಇಲ್ಲ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ, ಯಾರಿಗಾದರೂ ಹಿರಿಯರು ಹೇಳಿದ್ದು ನೆನಪಿದ್ದರೆ ಹೇಳ್ರಿ ಅಂತ. ಬಂದ ಉತ್ತರಗಳನ್ನ ಓದಿದರೆ ಒಬ್ಬೊಬ್ಬರದು ಒಬ್ಬೊಬ್ಬ ಅಜ್ಜಿ. ಕಾಕಾ ದೊಡ್ಡ ಕಣ್ಣಂತ ಕೇಳೀನಿ ಅಂದ. ಬಾಗಲಕೋಟೆಯ ಚಿಗವ್ವ ನಿನ್ನ ಕಣ್ಣು ಥೇಟ್ ಆಕಿವು ಅಂತ ನನಗೇ ಹೇಳಿದಳು, ಅವಳು ಅಜ್ಜಿಯನ್ನ ನೋಡಿದವಳೇ ಅಲ್ಲ. ಅತ್ತಿಯನ್ನ ಕೇಳಿದರೆ "ಚೊಲೋ ಇದ್ವು" ಅಂದಳು, ಅಷ್ಟೇ, ಎದ್ದು ಒಳಗೆ ಹೋದಳು.

ಮನೆಯವರನ್ನ ಕೂರಿಸಿ ಬರೆಯೋದು ಹೊಸದೇನಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಣ್ಣು, ಶಾಲೆ ಟ್ರಿಪ್ಪಿಗೆ ಹೋದವರೆಲ್ಲ ನೋಡಿರ್ತೀರಿ, ಅದಕ್ಕೆ ನಿಂತವಳು ಬರೆದ ಹಳದಣಕರ್ ಅವರ ಮಗಳು ಗೀತಾ. (ಅದು ಎಣ್ಣೆಬಣ್ಣ ಅಲ್ಲ, ಜಲವರ್ಣ. ನಾನೂ ಎಷ್ಟೋ ವರ್ಷ ಎಣ್ಣೆಯೇ ಅಂದುಕೊಂಡಿದ್ದೆ, ಈಗಲೂ ಆ ಕೆಂಪು ಬೆಳಕು ಬೆರಳ ಸಂದಿಯಿಂದ ಹೊರಗೆ ಬರೋದನ್ನ ನೆನೆಸಿಕೊಂಡರೆ ಮೈ ಜುಮ್ಮಂತದೆ.) ಆದರೆ ಅಲ್ಲಿ ಎದುರಿಗೆ ಮಗಳಿದ್ದಳು. ನನ್ನ ಎದುರಿಗೆ ಇದ್ದದ್ದು ಅಜ್ಜಿಯ ಮಕ್ಕಳು, ಮೊಮ್ಮಕ್ಕಳು, ಅವರಿಂದ ಒಂದೊಂದು ತುಂಡು ತಗೊಂಡು ಹಿಂದಕ್ಕೆ ಹೋಗಬೇಕಿತ್ತು. ಮೊದಲು ಅಪ್ಪನ ಕಣ್ಣು ಹಾಕಿದೆ, ಗಂಡಸಾಯಿತು. ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆದೆ. ತಂಗಿಯ ಕಣ್ಣು ಹಾಕಿದೆ, ಇವತ್ತಿನವಳಾಯಿತು, ಮೊಬೈಲ್ ನೋಡಿದ ಕಣ್ಣು ಬೇರೆಯೇ ಇರ್ತವೆ ಅನಿಸ್ತದೆ ನನಗೆ. ಅದನ್ನೂ ಕೆರೆದೆ. ಎಣ್ಣೆಬಣ್ಣದ ಗುಣವೇ ಅದು, ಎರಡು ಮೂರು ದಿನ ಹಸಿ ಇರ್ತದೆ, ಮನಸ್ಸು ಬದಲಾಯಿಸೋಕೆ ಬಿಡ್ತದೆ. ನೀರಿನ ಬಣ್ಣದಂಗೆ ಆರೋದಲ್ಲ ಅದು, ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗೋದು. ಕಡೆಗೆ ಅತ್ತಿಯ ಕಣ್ಣನ್ನೇ ನಲವತ್ತು ವರ್ಷ ಚಿಕ್ಕದು ಮಾಡಿ ಹಾಕಿದೆ. ನೆಟ್ಟಗೆ ನೋಡೋ ಎರಡು ಕಣ್ಣು. ಚಂದ ಬಂತು.

ಅವತ್ತು ಸಂಜೆ ಅಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. "ಹೌದನ?" ಅಂದೆ. "ನಂಗೇನು ಗೊತ್ತವಾ" ಅಂದ. ಆಮೇಲೆ, ನಾನು ಬ್ರಷ್ ತೊಳೆಯೋಕೆ ಕೂತ ಮೇಲೆ, ತನಗೆ ತಾನೇ ಹೇಳಿಕೊಂಡಂಗೆ, "ಒಂದ್ ನೆನಪೈತಿ ನನಗ, ಆಕಿ ಮಾರಿ ಅಲ್ಲ, ಆಕಿ ಸೆರಗಿನ ವಾಸನಿ, ಎಣ್ಣಿ ವಾಸನಿ. ಅದು ಆಕೀದೋ ಗಾಣದ್ದೋ ಅದೂ ಗೊತ್ತಿಲ್ಲ" ಅಂದ. ಅಪ್ಪ ತನ್ನ ತಾಯಿ ಬಗ್ಗೆ ನನ್ನ ಮುಂದೆ ಆಡಿದ ಮೊದಲ ಮಾತು ಅದು.

ಮಾರನೇ ದಿನ ಬೆಳಿಗ್ಗೆ ಅತ್ತಿ ಬಂದು ಚಿತ್ರದ ಮುಂದೆ ನಿಂತಳು. ಕೈಯಲ್ಲಿ ಹಾಲಿನ ತಂಬಿಗೆ ಇತ್ತು.

"ಯಾರಿಕಿ?"

"ಅಜ್ಜಿ. ನಿಮ್ಮವ್ವ ಬೇ ಅತ್ತಿ."

"ನಮ್ಮವ್ವ ಅಲ್ಲ ಬಿಡು."

ನನಗೆ ಎದೆ ಧಸಕ್ ಅಂತು. ಯಾಕ, ಏನ್ ತಪ್ಪೈತಿ ಹೇಳು, ತಿದ್ತೀನಿ ಅಂದೆ. ತಂಬಿಗೆ ಕೆಳಗಿಟ್ಟು ಹೊಸ್ತಿಲ ಹತ್ತಿರ ಕೂತಳು. ಬಹಳ ಹೊತ್ತು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳೋದು, ಬಿಡೋದು ಮಾಡಿದಳು. ಆಮೇಲೆ ಹೇಳಿದಳು. "ಆಕಿ ಎಡಗಣ್ಣಾಗ ಹೂ ಬಿದ್ದಿತ್ತು. ಸಣ್ಣಾಕಿದ್ದಾಗ ಮೈಲಿ ಬ್ಯಾನಿ ಬಂದಿತ್ತಂತ. ಜೀವ ಉಳೀತು, ಕಣ್ಣು ಹೋತು. ಮಾರಿ ಮ್ಯಾಲೂ ಕಲಿ ಇದ್ವು, ಫೋಟೋದಾಗ ಇಬತ್ತಿ ಒಳಗ ಮುಚ್ಚಿ ಹೋಗ್ಯಾವ."

ಅರವತ್ತು ಎಪ್ಪತ್ತು ವರ್ಷ ಯಾರೂ ಆಡದ ಮಾತು. ಅಪ್ಪನಿಗೂ ಗೊತ್ತಿರಲಿಲ್ಲ, ಅವನು ಒಳಗಿಂದ ಬಂದು ಕಂಬ ಹಿಡಿದು ನಿಂತಿದ್ದ. ಯಾಕ ಹೇಳಲಿಲ್ಲ ಅಂದರೆ, ಅತ್ತಿಗೆ ಗಂಡು ನೋಡೋ ಹೊತ್ತಿಗೆ ಒಂದು ಮನೆಯವರು ತಾಯಿಗೆ ಕಣ್ಣಿದ್ದಿಲ್ಲಂತ, ಮಗಳಿಗೂ ಮುಂದೆ ಬಂದರೆ ಅಂತ ಅಂದು ಎದ್ದು ಹೋದರಂತೆ. ಅಜ್ಜ ಅವತ್ತೇ ಮನೆಯಲ್ಲಿ ಇನ್ನ ಮ್ಯಾಲೆ ಆ ಮಾತು ಯಾರೂ ಆಡಬಾರದು ಅಂದನಂತೆ. ಯಾರೂ ಆಡಲಿಲ್ಲ. ಸಿಡುಬಿನಿಂದ ಬಂದ ಹೂವು ಮಕ್ಕಳಿಗೆ ಬರೋದಿಲ್ಲ ಅಂತ ಹೇಳೋಕೆ ಆಗ ಯಾರಿದ್ದರು. ನಮ್ಮ ದೇಶದಲ್ಲಿ ಕಡೇ ಸಿಡುಬು ಕಂಡಿದ್ದು 1975ರಲ್ಲಿ, ನನ್ನ ಪೀಳಿಗೆಯವರಿಗೆ ಅದು ಪಾಠದ ಪುಸ್ತಕದ ಒಂದು ಸಾಲು, ತೋಳ ಮೇಲೆ ಅಪ್ಪ ಅವ್ವನಿಗಿದ್ದ ದುಂಡನೆ ಕಲೆ. ಆ ಸಾಲಿನೊಳಗೆ ನಮ್ಮಜ್ಜಿ ಇದ್ದಳು ಅನ್ನೋದು ಮೂವತ್ತೆಂಟನೇ ವಯಸ್ಸಿನಲ್ಲಿ ತಿಳೀತು.

"ಜಾತ್ರ್ಯಾಗ ಫೋಟೋದಂವ ಬರ್ತಿದ್ದ. ಅಪ್ಪ ಬಾ ಅಂದ್ರ ಆಕಿ ಹೋಗ್ತಿದ್ದಿಲ್ಲ. ನನ್ನ ಕಣ್ಣ ಕಾಗದದ ಮ್ಯಾಲ ಉಳೀಬಾರದು ಅಂತಿದ್ಲು" ಅಂದಳು ಅತ್ತಿ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಕಣ್ಣು ಮುಚ್ಚಿದ ಮ್ಯಾಲ ಎರಡೂ ಒಂದ ಆದ್ವಲ್ಲ. ಅದಕ್ಕ ಅಪ್ಪ ಆವಾಗ ಫೋಟೋದಂವನ್ನ ಕರಸಿದ."

ನಾನು ಈ ಮಾತನ್ನ ಎಷ್ಟು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ ಅಂದರೆ ರಾತ್ರಿ ನಿದ್ದೆ ಬರ್ತಿರಲಿಲ್ಲ. ಯಾವ ಫೋಟೋವನ್ನ ನಾನು ಮನೆಯವರ ಅಸಡ್ಡೆ ಅಂದುಕೊಂಡಿದ್ದೆನೋ, ಹೆಂಗಸು ಅಂತ ಕಡೆಗಣಿಸಿದರು ಅಂತ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದೆನೋ, ಅದು ಅಜ್ಜ ಅವಳ ಮಾತು ನಡೆಸಿಕೊಟ್ಟ ರೀತಿ ಆಗಿತ್ತು. ಎಲ್ಲ ಮನೆಗಳಲ್ಲೂ ಹಾಗೇ ಅಂತ ನಾನು ಹೇಳ್ತಿಲ್ಲ, ಬಹಳಷ್ಟು ಮನೆಗಳಲ್ಲಿ ಅದು ಕಡೆಗಣಿಸಿದ್ದೇ. ನಮ್ಮ ಮನೆಯಲ್ಲಿ ಅಲ್ಲ. ಹಾಗಿದ್ದರೆ ಈಗ ನಾನು ಮಾಡ್ತಿರೋದೇನು? ಅವಳು ಉಳೀಬಾರದು ಅಂದಿದ್ದನ್ನ ಉಳಿಸೋಕೆ ಹೊರಟಿದೀನಿ, ಅದೂ ನೂರಾರು ವರ್ಷ ಬಾಳೋ ಎಣ್ಣೆಬಣ್ಣದಲ್ಲಿ. ಹೂ ಬರೆದರೆ ಅವಳ ಮಾತು ಮೀರಿದಂಗೆ. ಬರೆಯದೇ ಎರಡೂ ಕಣ್ಣು ಚಂದ ಮಾಡಿಟ್ಟರೆ ಆ ಗಂಡಿನ ಕಡೆಯವರು ಹೇಳಿದ್ದಕ್ಕೆ ನಾನೂ ಹೂಂ ಅಂದಂಗೆ, ಅವಳನ್ನ ಮುಚ್ಚಿಟ್ಟಂಗೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿದ ಹಾಗೆ ಅಂತ ಗಾದೆ ಇದೆಯಲ್ಲ, ಗಾಣದ ಮನೆಯವಳಾಗಿ ಆ ಗಾದೆ ಎಷ್ಟು ಸಲ ಕೇಳಿದೀನೋ, ಆ ವಾರ ಅದು ಬೇರೆಯೇ ಆಗಿ ಕೇಳಿಸ್ತಿತ್ತು.

ನಾಲ್ಕು ದಿನ ಕ್ಯಾನ್ವಾಸಿಗೆ ಬೆನ್ನು ಮಾಡಿ ಇಟ್ಟಿದ್ದೆ. ಐದನೇ ದಿನ ಅತ್ತಿಯೇ ಕೇಳಿದಳು, ಯಾಕ ಬಿಟ್ಟಿ ಅಂತ. ಇದ್ದದ್ದು ಹೇಳಿದೆ. ಅವಳು ನಗಲಿಲ್ಲ, ಅಳಲೂ ಇಲ್ಲ. "ಆಕಿ ಹೆದರಿದ್ದು ನನ್ನ ಲಗ್ನಕ್ಕ. ನನ್ನ ಲಗ್ನ ಆಗಿ, ಗಂಡ ಸತ್ತು, ಮಮ್ಮಕ್ಕಳಿಗೂ ಮಕ್ಕಳಾದ್ವು. ಇನ್ನ ಯಾರಿಗೆ ಹೆದರಬೇಕು" ಅಂದಳು. ಎದ್ದು ಹೋಗ್ತಾ ಹೋಗ್ತಾ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು. "ಆದ್ರ ನೆಟ್ಟಗ ಕೂಡಸಬ್ಯಾಡ. ಆಕಿ ಯಾರನ್ನೂ ನೆಟ್ಟಗ ನೋಡ್ತಿದ್ದಿಲ್ಲ. ಮಾತಾಡೂ ಮುಂದ ಮಾರಿ ಚೂರು ಎಡಕ್ಕ ತಿರುವ್ತಿದ್ಲು, ಚೊಲೋ ಕಣ್ಣು ಮುಂದ ಬರ್ಲಿ ಅಂತ. ಹಿಂಗ." ತಿರುಗಿಸಿ ತೋರಿಸಿದಳು. ಎರಡು ಬೆರಳಷ್ಟು.

ಹನ್ನೊಂದು ದಿನ ನಾನು ನೆಟ್ಟಗೆ ಇಡು, ನೆಟ್ಟಗೆ ಇಡು ಅಂತ ತಿದ್ದಿದ್ದು ಅದನ್ನೇ. ಅತ್ತಿಯ ಎರಡೂ ಕಣ್ಣು ಎಂಬತ್ತರ ಹತ್ತಿರವೂ ಸೂಜಿ ಪೋಣಿಸ್ತಾವೆ. ನಾನು ಹೇಳಲಿಲ್ಲ ಅವಳಿಗೆ. ಅವಳಿಗೆ ಗೊತ್ತಿಲ್ಲ ಅಂತ ಕಾಣ್ತದೆ.

ಬಿಳಿ

ಆ ಮುಖವನ್ನ ಪೂರ್ತಿ ಕೆರೆದು ಮತ್ತೆ ಶುರು ಮಾಡಿದೆ. ಈ ಸಲ ಅತ್ತಿಯನ್ನ ಕೂರಿಸಿ ಏನೂ ಅನ್ನದೇ ಸುಮ್ಮನೆ ಮಾತಿಗೆ ಎಳೆದೆ, ಮುಖ ತಾನಾಗಿ ತಿರುಗಿತು, ಅದರ ಮೇಲೆ ಫೋಟೋದ ಗದ್ದ, ತುಟಿ, ಹಣೆ ಕೂರಿಸಿದೆ. ಎಡಗಡೆ ಕೆನ್ನೆ ನೆರಳಿಗೆ ಹೋಯಿತು. ಬೆಳಕೆಲ್ಲ ಬಲಗಣ್ಣಿನ ಮೇಲೆ, ಅದು ಸೀದಾ ನಿಮ್ಮ ಕಡೆ ನೋಡ್ತದೆ. ಮೈಲಿ ಕಲೆಗಳನ್ನ ಬರೆಯಲಿಲ್ಲ, ಒರಟು ಬ್ರಷ್‌ನಲ್ಲಿ ಬಣ್ಣ ದಪ್ಪ ಹಾಕಿ ಚರ್ಮ ಹಾಗೇ ಏರುಪೇರು ಬಿಟ್ಟೆ, ಪಕ್ಕದಿಂದ ಬೆಳಕು ಬಿದ್ದರೆ ತಾವಾಗಿ ಕಾಣ್ತಾವೆ. ಕಡೆಗೆ ಹೂ. ಬಿಳಿಗೆ ಐವರಿ ಬ್ಲಾಕ್ ಒಂದು ಸಾಸಿವೆಯಷ್ಟು ಸೇರಿಸಿದರೆ ಅದು ಬೂದು ಆಗೋದಿಲ್ಲ, ನೀಲಿ ಛಾಯೆಗೆ ಹೋಗ್ತದೆ, ಹಾಲಿಗೆ ನೀರು ಬೆರೆಸಿದಾಗಿನ ನೀಲಿ. ಕಣ್ಣಿನ ಹೂವಿನ ಬಣ್ಣ ಅದೇ. ಅದಕ್ಕೆ ಮಾಳಿಗೆ ಮೇಲೆ ತಿಳಿಯಾದ ಕುಸುಬಿ ಎಣ್ಣೆ ಎರಡು ಹನಿ ಕಲಸಿ, ಸಣ್ಣ ಬ್ರಷ್‌ನ ತುದಿಯಿಂದ, ಉಸಿರು ಹಿಡಿದು, ಒಂದೇ ಸಲಕ್ಕೆ ಇಟ್ಟೆ. ಅಕ್ಕಿಕಾಳಿನ ಅರ್ಧದಷ್ಟು. ದೂರದಿಂದ ಕಾಣೋದಿಲ್ಲ, ಹತ್ತಿರ ಹೋದವರಿಗೆ ಕಾಣ್ತದೆ. ಅತ್ತಿ ಹತ್ತಿರ ಹೋದಳು. ಬಹಳ ಹೊತ್ತು ನಿಂತಳು. "ಈಗ ಬಂದ್ಲು" ಅಂದಳು.

ಎಲ್ಲಿ ತೂಗಹಾಕೋದು ಅಂತ ಮಾತು ಬಂತು. ಅತ್ತಿ ಬೆಳಕು ಜಾಸ್ತಿ ಬೀಳೋ ಕಡೆ ಬ್ಯಾಡ ಅಂದಳು, ಅಡಿಗೆಮನೆ ಗ್ವಾಡಿಗೆ ಹಾಕು, ನಾವಷ್ಟ ನೋಡೂಣು. ನಾನು ಕತ್ತಲಲ್ಲಿ ಎಣ್ಣೆಬಣ್ಣ ಹಳದಿಯಾಗ್ತದೆ ಅಂತ ವಿವರಿಸಿದೆ. ಚಿತ್ರಕಾರ ರೂಬೆನ್ಸ್ ತನ್ನ ಚಿತ್ರ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರಿಂದ ಹಳದಿಯಾಗಿದ್ದರೆ ಆಗಾಗ ಬಿಸಿಲಿಗಿಡಿ, ತಿಳಿಯಾಗ್ತದೆ ಅಂತ ಗೆಳೆಯನಿಗೆ ಕಾಗದ ಬರೆದಿದ್ದ, ನಾಲ್ಕುನೂರು ವರ್ಷದ ಹಿಂದೆ. ಅತ್ತಿ ಕೇಳಿ, "ಸಂಡಿಗಿ ಹಂಗ ಅನ್ನು" ಅಂದಳು. ಕಡೆಗೆ ಪಡಸಾಲಿಯಲ್ಲೇ, ಅಜ್ಜನ ಪಕ್ಕದಲ್ಲೇ ಆಯ್ತು, ಹಳೇ ಫೋಟೋ ಇದ್ದ ಮೊಳೆಗೇ. ಹಳೇ ಫೋಟೋವನ್ನ ಅತ್ತಿ ತನ್ನ ಟ್ರಂಕಿನಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಳು.

ಸೂಟಿ ಮುಗೀತು, ನಾನು ಹುಬ್ಬಳ್ಳಿಗೆ ವಾಪಸ್ ಬಂದೆ. ಬರೋವಾಗ ಅಪ್ಪನಿಗೆ ಹೇಳಿ ಬಂದಿದ್ದೆ, ಬೇರೆ ಎಲ್ಲ ಕಡೆ ಒಣಗ್ಯಾವ, ಆ ಬಿಳಿ ಮಾತ್ರ ತಡ ಆಗ್ತದ, ಕುಸುಬಿ ಎಣ್ಣಿ ಐತಿ ಅದರಾಗ, ಮ್ಯಾಲೆ ಮಳೆಗಾಲ ಬೇರೆ, ಧೂಳು ಕೂಡದಂಗ ನೋಡ್ಕೋ ಅಂತ. ಜೂನ್ ಎರಡನೇ ವಾರ ಮಳೆ ಹಿಡೀತು. ಅಪ್ಪ ದಿನಾ ರಾತ್ರಿ ಫೋನ್ ಮಾಡ್ತಾನೆ, ಹೊಲದ್ದು, ಎಮ್ಮಿದು, ಅತ್ತಿ ಮೊಣಕಾಲಿಂದು ಎಲ್ಲಾ ಹೇಳಿ, ಕಡೆಗೆ ಇಡೋಕೆ ಮುಂಚೆ ಒಂದು ಸಾಲು ಹೇಳ್ತಾನೆ.

"ಅವ್ವನ ಕಣ್ಣಾಗಿಂದು ಇನ್ನೂ ಹಸಿ ಐತಿ."

ನೋಡಿದರೆ ಅದು ಗೊತ್ತಾಗೋದಿಲ್ಲ. ಬೆರಳು ಮುಟ್ಟಿಸಿದರೇ ಗೊತ್ತಾಗೋದು. ಮುಟ್ಟಬ್ಯಾಡಪಾ, ಅಳಿಸಿ ಹೋಗ್ತದ ಅಂತ ಹೇಳಬೇಕಿತ್ತು ನಾನು. ಹೇಳಿಲ್ಲ.